ಹುಣಿಸೆಹಣ್ಣಿನಲ್ಲಿ ಬೆಳಗಿದ ಕತ್ತಿ

ಸ್ಯಾನ್ ಡಿಯಾಗೋದ ಯೂನಿವರ್ಸಿಟಿ ಸಿಟಿಯಲ್ಲಿರುವ ಕೇಶವಮೂರ್ತಿಗಳು ಟೆಲಿಕಾಂ ಇಂಜಿನಿಯರು. ಅವರಿಗೆ ಗೊತ್ತಿಲ್ಲದ ವಿಷಯ ಇನ್ನೂ ಹುಟ್ಟಿಲ್ಲ. ಕೇಳದವರಿಗೂ ಹೇಳಿಕೊಡುವ ಧಾರಾಳ ಮನಸ್ಸು ಬೇರೆ. ಪಕ್ಕದ ಬೀದಿಯಲ್ಲಿ ತೀರಿಕೊಂಡವರ ಮನೆಸಾಮಾನು ಮಾರುವ ಎಸ್ಟೇಟ್ ಸೇಲಿನಲ್ಲಿ ಜಪಾನಿ ಕತ್ತಿಯೊಂದು ಸಿಕ್ಕಿದ್ದೇ ತಡ, ಕನ್ನಡ ಸಂಘದಲ್ಲೆಲ್ಲ ಸಾರಿಬಿಟ್ಟರು. "ನಾನೂರು ವರ್ಷ ಹಳೇದು ಕಣ್ರೀ. ನೋಡಿದ ತಕ್ಷಣ ಗೊತ್ತಾಯ್ತು!"

ರಾಜ್ಯೋತ್ಸವಕ್ಕೆ ಅದರ ಮೇಲೆ ಅವರದೇ ಉಪನ್ಯಾಸ ಎಂದೂ ನಿಶ್ಚಯವಾಯಿತು. ಅಷ್ಟರೊಳಗೆ ತಜ್ಞರೊಬ್ಬರು ಹೌದೆನ್ನಬೇಕಿತ್ತು. ಇಲ್ಲದಿದ್ದರೆ ಇದ್ದ ಮಾನವೂ ಹೋದಂತೆ.

ನಡುವೆ ಆಯುಧಪೂಜೆ ಬಂತು. ಕಾರು, ಲ್ಯಾಪ್‌ಟಾಪು, ಮಿಕ್ಸಿಗಳಿಗೆ ಕುಂಕುಮವಿಟ್ಟು ತೃಪ್ತಿಪಡುತ್ತಿದ್ದ ಮನೆಗೆ ಮೊದಲ ಸಲ ನಿಜವಾದ ಆಯುಧ! ಮೂರ್ತಿಗಳು ವಿಡಿಯೋ ನೋಡಿ, ಬಿದಿರಿನ ಬೆಣೆ ತೆಗೆದು ಹಿಡಿ ಕಳಚಿದರು. ಹಿಡಿಯೊಳಗೆ ಕೂರುವ ಉಕ್ಕಿನ ಬುಡ ಕರ್ರಗೆ ತುಕ್ಕು ಹಿಡಿದಿತ್ತು.

"ಅದನ್ನ ಮುಟ್ಬೇಡಿ. ಗೊತ್ತಿರೋರಿಗೆ ತೋರಿಸೋವರೆಗೂ ಹಾಗೇ ಇರ್ಲಿ," ಎಂದರು ಹೆಂಡತಿ ವತ್ಸಲಾ.

"ತುಕ್ಕಿಗೆ ಯಾರಾದ್ರೂ ಪೂಜೆ ಮಾಡ್ತಾರೇನೇ? ನಿಂಗೇನು ಗೊತ್ತು, ಹುಣಿಸೇಹಣ್ಣು ಕೊಡು!"

ಅಡುಗೆಮನೆಯ ಸಿಂಕಿನಲ್ಲಿ ಬೆಳಗ್ಗೆಯೆಲ್ಲ ಆ ಬುಡವನ್ನು ಉಜ್ಜಿದರು. ಆ ಮನೆಯಲ್ಲಿ ದೇವರ ದೀಪವೂ ಅಷ್ಟು ಫಳಫಳ ಹೊಳೆದದ್ದಿಲ್ಲ.

ಮುಂದಿನ ವಾರ ಇಬ್ಬರೂ ಲಾಸ್ ಏಂಜಲೀಸ್‌ಗೆ ಡ್ರೈವ್ ಮಾಡಿದರು. ಅದರ ಪಕ್ಕದ ಬರ್ಬ್ಯಾಂಕ್ ಊರಿನಲ್ಲಿ ಹಳೆಯ ಕತ್ತಿಗಳನ್ನು ಪರೀಕ್ಷಿಸುವ ಹಿರಾಯಾಮಾ ಎಂಬಾಕೆ ಕತ್ತಿಯನ್ನು ದೀಪದಡಿ ಹಿಡಿದರು. ಅಲಗಿನುದ್ದಕ್ಕೂ ಮಂಜಿನಂಥ ಬಿಳಿ ಗೆರೆ, ಉಕ್ಕನ್ನು ಮಡಿಸಿ ಮಡಿಸಿ ಬಡಿದದ್ದಕ್ಕೆ ಮೂಡಿದ ಮರದಂಥ ನಾರು. ಅದೆಲ್ಲ ಏನೆಂದು ಮೂರ್ತಿಗಳು ಆಕೆಗೇ ಪಾಠ ಹೇಳಿದರು. ಪಾಪ, ಆಕೆ ಕೇಳಿಸಿಕೊಂಡರು. ಆಮೇಲೆ ಹಿಡಿ ಕಳಚಿ, ಫಳಫಳಿಸುವ ಬುಡವನ್ನು ದೀಪಕ್ಕೆ ಇನ್ನಷ್ಟು ಹತ್ತಿರ ತಂದರು.

"ಇದನ್ನು ಉಜ್ಜಿದ್ದು ಯಾರು?"

"ನನ್ನ ಹೆಂಡತಿ," ಎಂದರು ಮೂರ್ತಿಗಳು, ಕಣ್ಣು ಮಿಟುಕಿಸದೆ.

ಹಿರಾಯಾಮಾ ನಿಟ್ಟುಸಿರಿಟ್ಟರು. "ಅಲಗಿನ ಕೆಲಸ ಚೆನ್ನಾಗಿದೆ. ಆದರೆ ಕತ್ತಿಯ ವಯಸ್ಸು ಹೇಳುವುದು ಈ ಬುಡದ ತುಕ್ಕು. ಅಲಗಿಗೆ ಹೊಳಪು ಕೊಡುತ್ತೇವೆ, ಇದನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ಇನ್ನು ನಾನು ಏನೂ ಖಚಿತವಾಗಿ ಹೇಳಲಾರೆ."

ವತ್ಸಲಾಗೆ ಮೈಯೆಲ್ಲ ಉರಿಯಿತು. ಆದರೂ ಮನೆ ತಲುಪುವವರೆಗೆ ತುಟಿಪಿಟಕ್ಕೆನ್ನಲಿಲ್ಲ. ಮೂರ್ತಿಗಳು ಅದನ್ನು ಕ್ಷಮೆಯೆಂದೇ ತಿಳಿದು, ದಾರಿಯುದ್ದಕ್ಕೂ ಜಪಾನಿಯರ ಅಜ್ಞಾನದ ಬಗ್ಗೆ ಮಾತಾಡಿದರು.

ರಾಜ್ಯೋತ್ಸವದ ವೇದಿಕೆಯಲ್ಲಿ ಶಾಲು ಹೊದ್ದು ಕತ್ತಿ ಎತ್ತಿ ಹಿಡಿದಾಗ ಚಪ್ಪಾಳೆಯೋ ಚಪ್ಪಾಳೆ. ಎಂ.ಎಸ್. ಓದುತ್ತಿದ್ದ ಆರತಿ ಎದ್ದು ನಿಂತು ಕೇಳಿದಳು. "ಅಂಕಲ್, ಎಕ್ಸ್‌ಪರ್ಟ್ ಹತ್ರ ತೋರಿಸಿದ್ರಂತಲ್ಲ, ಎಷ್ಟು ಹಳೇದಂತೆ?"

ಮೂರ್ತಿಗಳು ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಮುಂದಿನ ಸಾಲಿನಿಂದ ವತ್ಸಲಾ ಉತ್ತರ ಕೊಟ್ಟರು.

"ಇನ್ನೂ ತಿಂಗಳ ಕೂಸಮ್ಮ. ಆಯುಧಪೂಜೆ ದಿನ ನಮ್ಮನೆ ಸಿಂಕಲ್ಲಿ ಹುಟ್ತು. ಹೆರಿಗೆ ಮಾಡಿಸಿದ್ದು ಇವ್ರೇ."