ದೇವರ ಬಲಗಡೆಯ ಹೂವು

ಭಕ್ತ ಬಂಧುಗಳೇ, ನನ್ನ ಮೊಣಕಾಲಿನ ಒಳಗೆ ಮೂಳೆಗಳನ್ನು ಬಿಗಿದಿಡುವ ನಾರು ಅರ್ಧ ಹರಿದಾಗ ನಾನು ದಾವಣಗೆರೆಯಲ್ಲಿ ಎರಡನೇ ವರ್ಷದ ಬಿ.ಎ. ಓದುತ್ತಿದ್ದೆ. ಕಾಲೇಜಿನ ಖೋಖೋ ತಂಡಕ್ಕೂ ವಾಲಿಬಾಲ್ ತಂಡಕ್ಕೂ ನಾನೇ ನಾಯಕಿ. ಖೋಖೋ ಪಂದ್ಯದಲ್ಲಿ ಕಂಬ ಹಿಡಿದು ತಿರುಗುವಾಗ ಬಲಗಾಲು ನೆಲದಲ್ಲೇ ಉಳಿಯಿತು, ಮೈ ಮಾತ್ರ ತಿರುಗಿತು. ಟಪ್ ಎಂದು ಸದ್ದು ಕೇಳಿಸಿತೆಂದು ಬಹಳ ಜನರಿಗೆ ಹೇಳಿದ್ದೇನೆ. ಅಂದಿನ ದಿನಚರಿಯಲ್ಲಿ ಸದ್ದಿನ ಮಾತೇ ಇಲ್ಲ. ಅದಕ್ಕೇ ಇಲ್ಲಿ ನೆನಪಿಗಿಂತ ದಿನಚರಿಯನ್ನೇ ಹೆಚ್ಚು ನಂಬಿ ಬರೆಯುತ್ತಿದ್ದೇನೆ.

ಆರು ತಿಂಗಳು ಓಡಬಾರದು ಎಂದರು ಮೂಳೆ ಡಾಕ್ಟರು. "ಆಮೇಲೆ ಒಂದು ಆಟ ಆಡಬಹುದೇನೋ. ಎರಡೂ ಅಂದ್ರೆ ಕಷ್ಟ ಐತೆ." ಅಪ್ಪ ಊರಂಚಿನ ಕರೂರಿನ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ವಿನೋಬನಗರದ ಮನೆಗೆ ಬಂದವರೇ ನನ್ನ ಮಂಡಿಗೆ ಐಸ್ ಇಡಲು ಕೂರುತ್ತಿದ್ದರು. ನಾಲ್ಕು ತಿಂಗಳಾದರೂ ಮೆಟ್ಟಿಲು ಇಳಿದರೆ ಊದುತ್ತಿತ್ತು. ಮುಂದಿನ ತಿಂಗಳೇ ವಿಶ್ವವಿದ್ಯಾಲಯದ ಎರಡೂ ತಂಡಗಳಿಗೆ ಆಯ್ಕೆ. "ಇನ್ನು ಕಾಯಲಾರೆ. ಒಂದಕ್ಕಾದರೂ ಹೋಗುತ್ತೇನೆ, ಕಾಲು ಏನಾದರೂ ಆಗಲಿ" ಎಂದು ಬರೆದುಕೊಂಡಿದ್ದೇನೆ. ಡಾಕ್ಟರಿಗೆ ಹೇಳಲಿಲ್ಲ.

ಯಾವುದಕ್ಕೆ ಹೋಗುವುದು? ಭಾನುವಳ್ಳಿಯಿಂದ ಬಂದಿದ್ದ ಅಜ್ಜಿ, "ಹರಿಹರಕ್ಕೆ ಹೋಗಿ ಹೂ ಕೇಳಾಣ ನಡಿ" ಎಂದಳು. ಸೋಮವಾರದ ಬಸ್ಸಿನಲ್ಲಿ ಕಾಲಿಡಲೂ ಜಾಗವಿರಲಿಲ್ಲ.

"ಇಕಿನ್ನ ಎಲ್ಲಾದ್ರೂ ಕೂಡ್ರಿಸಪ್ಪ, ಕಾಲು ಮುರದೈತೆ. ನಾನು ನಿಲ್ತೀನಿ."

"ನಿಮ್ಮನ್ನ ನಿಲ್ಸಿ ಇವರನ್ನ ಕೂಡ್ರಿಸಿದ್ರೆ ಜನ ನನ್ನ ಕಾಲು ಮುರೀತಾರಜ್ಜಿ" ಎಂದ ಕಂಡಕ್ಟರ್. ಕೊನೆಗೆ ಇಬ್ಬರಿಗೂ ಸೀಟು ಕೊಡಿಸಿದ.

ಹರಿಹರೇಶ್ವರನದು ಒಂದೇ ಮೂರ್ತಿ. ಬಲಭಾಗ ಶಿವ, ಎಡಭಾಗ ವಿಷ್ಣು. ಅರ್ಚಕರು ಎರಡೂ ಕಡೆ ಹೂ ಏರಿಸಿದರು. 'ಬಲಗಡೆಯದು ಬಿದ್ದರೆ ಖೋಖೋ, ಎಡಗಡೆಯದು ಬಿದ್ದರೆ ವಾಲಿಬಾಲ್. ಒಂದನ್ನಾದರೂ ಉಳಿಸು ಸ್ವಾಮಿ, ಕಾಯಿ ಒಡೆಸುತ್ತೇನೆ' ಎಂದು ಮನಸ್ಸಿನಲ್ಲೇ ಕೇಳಿಕೊಂಡೆ. ಅಜ್ಜಿಗೂ ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಎಡಗಡೆಯ ಹೂವು ಜಾರಿತು. ವಾಲಿಬಾಲ್.

ಮರುದಿನ ವಾಲಿಬಾಲ್ ಮೇಷ್ಟ್ರು, "ಹಾರಿದೆ ಅಂದ್ರೆ ಮನಿಗೆ ಕಳಿಸ್ತೀನಿ ನೋಡು. ನೆಟ್ ಹತ್ರ ನಿಂತು ಚೆಂಡು ಎತ್ತಿಕೊಡು, ಸಾಕು" ಎಂದರು. ಸ್ಮ್ಯಾಶ್ ಹೊಡೆಯುತ್ತಿದ್ದ ನಾನು ಉಳಿದವರಿಗೆ ಚೆಂಡು ಎತ್ತಿಕೊಡುವವಳಾದೆ. ಆ ವರ್ಷ ಆಯ್ಕೆಯಾಗಲಿಲ್ಲ. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಆದರೂ ದಿನವೂ ಮಂಡಿ ಅರೆಬಾಗಿಸಿ ನಿಂತು ನಿಂತು ತೊಡೆ ಗಟ್ಟಿಯಾಯಿತು. ಒಂಬತ್ತನೇ ತಿಂಗಳಲ್ಲಿ ಡಾಕ್ಟರು ಮಂಡಿಯನ್ನು ಹಿಂದೆ ಮುಂದೆ ಎಳೆದು ನೋಡಿ, "ಬಿಗಿಯಾಗೈತಲ್ಲಮ್ಮ! ಎರಡೂ ಆಡು" ಎಂದರು. ಆಗ ಅವರಿಗೆ ಎಲ್ಲವನ್ನೂ ಹೇಳಿದೆ. "ಅವತ್ತು ಕಂಬ ತಿರುಗಾಕೆ ಹೋಗಿದ್ರೆ ಉಳಿದ ಅರ್ಧನೂ ಹರೀತಿತ್ತು" ಎಂದರು.

ಹರಕೆಯ ಕಾಯಿ ಒಡೆಸಲು ಮತ್ತೆ ಹರಿಹರಕ್ಕೆ ಹೋದಾಗ, ಅವತ್ತು ಏನು ಕೇಳಿಕೊಂಡಿದ್ದೆ ಎಂದು ಅಜ್ಜಿಗೆ ತಿಳಿಸಿದೆ. ಅಜ್ಜಿ ನಡೆಯುತ್ತಿದ್ದವಳು ನಿಂತಳು.

"ಎಡಕ್ಕೆ ಎಲ್ಲೇ ಬಿತ್ತು? ಬಲಕ್ಕೆ ಬಿತ್ತು. ದೇವರ ಬಲ ನೋಡಬೇಕು, ನಿನ್ನ ಬಲ ಅಲ್ಲ. ಡಿಗ್ರಿ ಓದ್ತಾಳಂತೆ!"

ಮನೆಗೆ ಬಂದು ದಿನಚರಿ ತೆಗೆದೆ. "ಹೂವು ಶಿವನ ಕಡೆಯಿಂದ, ನನ್ನ ಎಡಕ್ಕೆ ಬಿತ್ತು" ಎಂದಿದೆ. ಅಜ್ಜಿಯ ಮಾತೇ ನಿಜ. ನಾನು ಅಂದುಕೊಂಡ ಲೆಕ್ಕದಲ್ಲಿ ದೇವರ ಉತ್ತರ ಖೋಖೋ. ಸರಿಯಾಗಿ ನೋಡಿದ್ದರೆ ಮರುದಿನವೇ ಕಂಬದ ಬಳಿ ಓಡುತ್ತಿದ್ದೆ.

"ಹಾಗಾದರೆ ತಪ್ಪಿದ್ದು ಯಾರಜ್ಜಿ, ನಾನೋ ದೇವರೋ?" ಎಂದು ಕೇಳಿದೆ.

"ಎರಡೂ ತಾನೇ ಆಗಿ ನಿಂತಾನೆ ಆತ. ಅವನ ಮುಂದೆ ಹೋಗಿ ಯಾವುದಾದ್ರೂ ಒಂದು ಹೇಳಪ್ಪ ಅಂತ ಕೇಳ್ತಾರೇನೇ, ಹುಚ್ಚಿ?"

ಕೊನೆಯ ವರ್ಷ ವಿಶ್ವವಿದ್ಯಾಲಯದ ಎರಡೂ ತಂಡಗಳಲ್ಲಿ ಆಡಿದೆ. ಈಗ ಹರಿಹರದ ಪ್ರೌಢಶಾಲೆಯೊಂದರಲ್ಲಿ ಎರಡೂ ಆಟ ಕಲಿಸುತ್ತೇನೆ. ವಾಸಿ ಮಾಡಿದ್ದು ವ್ಯಾಯಾಮವೋ ಕೃಪೆಯೋ ಎಂದು ಓದಿದ ಮನಸ್ಸು ಆಗಾಗ ಕೇಳುತ್ತದೆ. ವ್ಯಾಯಾಮವೇ ಇರಬಹುದು. ಆದರೆ ನನ್ನನ್ನು ಆ ನೆಟ್ಟಿನ ಬಳಿ ನಿಲ್ಲಿಸಿದ್ದು ನನ್ನ ಬುದ್ಧಿಯಲ್ಲ, ನನ್ನ ತಪ್ಪು. ಆ ತಪ್ಪು ಸುಮ್ಮನೆ ಆಯಿತೆಂದು ಈಗ ನಾನು ಒಪ್ಪಲಾರೆ.

ಸೋಮವಾರಗಳಲ್ಲಿ ಈಗಲೂ ಗುಡಿಗೆ ಹೋಗುತ್ತೇನೆ. ಹೂ ಕೇಳುವುದಿಲ್ಲ. ಎರಡೂ ಮಂಡಿಯೂರಿ ನಮಸ್ಕರಿಸಿ, ಯಾರ ಕೈಯನ್ನೂ ಹಿಡಿಯದೆ ಏಳುತ್ತೇನೆ.