ಉಸಿರಿಲ್ಲದ ದನಿಗೊಂದು ಒಡಪು

ಬೆಳಗಿನ ಆರು ಗಂಟೆ ಇನ್ನೂ ಆಗಿಲ್ಲ. ಗೋಕಾಕ ತಾಲ್ಲೂಕಿನ ಮಮದಾಪುರದ ಹಾಲಿನ ಡೇರಿಯ ಮುಂದೆ ಮಂಜು ಕವಿದಿದೆ. ಹಾಲು ತಂದ ಹೆಂಗಸರ ಮೈ ಕಾಣುವುದಿಲ್ಲ, ಮುಖ ಮಾತ್ರ ಕಾಣುತ್ತದೆ. ಕೈಯಲ್ಲಿನ ಫೋನಿನ ಬೆಳಕು ಕೆಳಗಿನಿಂದ ಬಿದ್ದು, ಪರಿಚಯದ ಮುಖಗಳೂ ಬೇರೆ ಯಾರದೋ ಎಂಬಂತೆ ತೋರುತ್ತವೆ. ಗೋಡೆಯ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ಸಂಘಮಿತ್ರಾ ಒಂದೊಂದೇ ಫೋನು ಇಸಿದುಕೊಂಡು, ರಾತ್ರಿ ಬಂದು ಬಿದ್ದ ಸಂದೇಶಗಳನ್ನು ತುಟಿ ಅಲುಗಿಸದೆ ಓದುತ್ತಾರೆ.

ಈಗ ಮುದಕವ್ವನ ಸರದಿ. ಆಕೆ ಫೋನನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ತಂದಿದ್ದಾರೆ. ನಿನ್ನೆಯಿಂದ ಅದು ತನ್ನನ್ನೇ ನೋಡುತ್ತಿದೆ ಎನ್ನುತ್ತಾರೆ. ಬಿಲ್ಲು ಕಟ್ಟಿಲ್ಲ, ರಾತ್ರಿ ಒಂಬತ್ತೂವರೆಗೆ ಕರೆಂಟು ಕಡಿಯುತ್ತೇವೆ, ಕೂಡಲೇ ಈ ನಂಬರಿಗೆ ಫೋನು ಮಾಡಿ ಎಂದು ಅದರಲ್ಲಿ ಬಂದಿದೆ. ಒಂಬತ್ತೂವರೆಯಿಂದ ಆಕೆ ದೀಪವನ್ನೇ ನೋಡುತ್ತ ಕೂತಿದ್ದರಂತೆ. ದೀಪ ಆರಲಿಲ್ಲ. ಆರದೇ ಇದ್ದದ್ದೇ ಹೆಚ್ಚು ಹೆದರಿಸಿತಂತೆ.

“ಮೀಟರ್ ಯಾರ ಹೆಸರಿಲೆ ಐತಿ, ಆಯಿ?” ಸಂಘಮಿತ್ರಾ ಕೇಳುತ್ತಾರೆ.

“ನಮ್ಮ ಮಾವಂದ. ಅವ ಹೋಗಿ ಇಪ್ಪತ್ತ ವರ್ಷ ಆತು.”

“ಹಂಗಾರ ನಿಮ್ಮ ಫೋನ್ ನಂಬರ ಕರೆಂಟಿನವರಿಗೆ ಕೊಟ್ಟವರ ಯಾರು?”

ಮುದಕವ್ವ ಯೋಚಿಸುತ್ತಾರೆ. ಯಾರೂ ಕೊಟ್ಟಿಲ್ಲ. ಒಳಗೆ ಹಾಲಿನ ಫ್ಯಾಟ್ ನೋಡುತ್ತಿದ್ದ ಡೇರಿಯ ಸೆಕ್ರೆಟರಿ ಮಾಲಿಂಗಪ್ಪ ತಲೆ ಎತ್ತದೆ, “ಕರೆಂಟಿನವರು ಯಾವಾಗಾರ ಹೇಳಿ ಕರೆಂಟ್ ತಗದಾರೇನ್ ಆಯಿ? ಹೇಳ್ಯಾರಂದ್ರ ಅವರಲ್ಲ ತಗೋ” ಎನ್ನುತ್ತಾರೆ. ಮಂಜಿನೊಳಗೆ ಎರಡು ಮೂರು ನಗು ಕೇಳಿ ನಿಲ್ಲುತ್ತವೆ. ಮುದಕವ್ವ ನಗುವುದಿಲ್ಲ. ಆದರೆ ಹೋಗುವಾಗ ಫೋನಿಗೆ ಬಟ್ಟೆ ಸುತ್ತುವುದಿಲ್ಲ.

ಮೂವತ್ನಾಲ್ಕರ ಸಂಘಮಿತ್ರಾ ಏಳು ವರ್ಷಗಳಿಂದ ಈ ಊರಿನ ಬ್ಯಾಂಕ್ ಮಿತ್ರ. ಹೆಬ್ಬೆಟ್ಟಿನ ಯಂತ್ರ ಚೀಲದಲ್ಲಿ ಹಾಕಿಕೊಂಡು ಮನೆಮನೆಗೆ ಹೋಗಿ, ಪಿಂಚಣಿ, ಕೂಲಿಯ ದುಡ್ಡು ತೆಗೆದುಕೊಡುವುದು ಅವರ ಕೆಲಸ. ಅದಕ್ಕೆ ಕಮಿಷನ್ ಇದೆ. ಡೇರಿಯ ಮುಂದೆ ಕೂತು ಫೋನು ನೋಡಿಕೊಡುವುದಕ್ಕೆ ಯಾರೂ ಏನೂ ಕೊಡುವುದಿಲ್ಲ. ಅದನ್ನು ಮಾಡು ಎಂದು ಹೇಳಿದವರೂ ಇಲ್ಲ. ಏಳೂವರೆಗೆ ಹೆಂಗಸರು ಹೊಲದ ಕೆಲಸಕ್ಕೆ ಹೋಗಿಬಿಡುತ್ತಾರೆ, ಸಿಗುವುದು ಈ ಒಂದೂವರೆ ತಾಸು ಮಾತ್ರ. ದಿನಕ್ಕೆ ಇಪ್ಪತ್ತೈದು ಮೂವತ್ತು ಫೋನು ಬರುತ್ತವೆ. ಅವುಗಳಲ್ಲಿ ಏಳೆಂಟರೊಳಗೆ ಏನಾದರೊಂದು ಕಾದು ಕೂತಿರುತ್ತದೆ. ನಿಂತುಹೋದ ಖಾತೆ, ಎಂದೂ ಕಳಿಸದ ಪಾರ್ಸೆಲ್ಲು, ಪರಿಚಯದವರ ಹೆಸರಿನಲ್ಲಿ ಬಂದ ಲಗ್ನಪತ್ರಿಕೆ. ಆ ಲಗ್ನಪತ್ರಿಕೆಯನ್ನು ಒತ್ತಿದರೆ ಮದುವೆ ಕಾಣುವುದಿಲ್ಲ. ಫೋನು ಒಳಗಿನಿಂದ ಬೇರೆಯವರ ಕೈಗೆ ಹೋಗುತ್ತದೆ.

ಅವರ ತಂದೆ ಕೇದಾರಿ ಕಬ್ಬು ಕಡಿಯುವ ಗ್ಯಾಂಗಿನಲ್ಲಿದ್ದವರು. ಮಗಳು ಗೋಕಾಕಿನ ಕಾಲೇಜಿನಲ್ಲಿ ಬಿ.ಎ. ಮುಗಿಸಿದಳು. ಯಂತ್ರ ಹಿಡಿದುಕೊಂಡು ಮೊದಲು ಹೋದಾಗ ಕೆಲವು ಮನೆಗಳಲ್ಲಿ ಕಟ್ಟೆಯ ಮೇಲೆ ಕೂಡಗೊಡಲಿಲ್ಲ. ಬೀದಿಯಲ್ಲಿ ನಿಂತೇ ಹೆಬ್ಬೆಟ್ಟು ಒತ್ತಿಸಿಕೊಂಡಳು. ಇದನ್ನು ಸಂಘಮಿತ್ರಾ ಸಿಟ್ಟಿಲ್ಲದೆ ಹೇಳುತ್ತಾರೆ. “ಈಗ ಅದ ಮನಿಯವರು ಫೋನ್ ತಗದು ಕೈಯಾಗ ಕೊಡ್ತಾರ್ರಿ. ಗಂಡಗ ತೋರಿಸದ ಮೆಸೇಜ್ ನನಗ ತೋರಿಸ್ತಾರ. ಅಂಜಿಕಿಗೆ ಜಾತಿ ಇಲ್ರಿ.”

ಕಳೆದ ವರ್ಷ ಸಂದೇಶಗಳ ಜೊತೆಗೆ ದನಿಗಳೂ ಬರತೊಡಗಿದವು. ದೂರ ಇರುವ ಗಂಡನ, ಅಣ್ಣನ ದನಿಯಲ್ಲಿ ಗೊತ್ತಿಲ್ಲದ ನಂಬರಿನಿಂದ ಫೋನು. ಅಪಘಾತವಾಗಿದೆ, ಪೊಲೀಸರು ಹಿಡಿದಿದ್ದಾರೆ, ನನ್ನ ಫೋನು ಕಸಿದುಕೊಂಡಿದ್ದಾರೆ, ತಕ್ಷಣ ದುಡ್ಡು ಕಳಿಸು. ಯಾರಾದರೂ ಹಾಕಿಕೊಂಡ ರೀಲ್ಸ್‌ನಿಂದ ಅರ್ಧ ನಿಮಿಷದ ಮಾತು ಸಿಕ್ಕರೆ ಸಾಕು, ಯಂತ್ರವೊಂದು ಆ ದನಿಯನ್ನು ತೊಟ್ಟುಕೊಳ್ಳುತ್ತದೆ.

ಇದಕ್ಕೆ ಏನು ಮಾಡುವುದೆಂದು ಯೋಚಿಸಿದಾಗ ಸಂಘಮಿತ್ರಾಗೆ ಹೊಳೆದದ್ದು ಒಡಪು. ಈ ಕಡೆ ಹೆಂಡತಿ ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ. ಮದುವೆಯ ದಿನ ಹೊಸ್ತಿಲಲ್ಲಿ ನಿಲ್ಲಿಸಿ ಕೇಳಿದಾಗ ಎರಡು ಸಾಲಿನ ಪ್ರಾಸ ಕಟ್ಟಿ, ಅದರೊಳಗೆ ಹೆಸರನ್ನು ಇಟ್ಟು ಹೇಳುತ್ತಾಳೆ. ಗಂಡನೂ ಹಾಗೆಯೇ ಹೇಳುತ್ತಾನೆ. ದನಿ ಯಾರದೇ ಇರಲಿ, ಮೊದಲು ನಮ್ಮ ಒಡಪು ಹೇಳು ಅನ್ನಿ ಎಂದು ಅವರು ಡೇರಿಯ ಮುಂದೆ ಹೇಳಿಕೊಟ್ಟರು. ಗೋಕಾಕಿನಲ್ಲಿ ತಿಂಗಳಿಗೊಮ್ಮೆ ಸೇರುವ ಬ್ಯಾಂಕ್ ಮಿತ್ರರು ಅದನ್ನು ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಿಗೂ ಒಯ್ದರು. ಒಡಪು ಕೇಳಿದ ಕೂಡಲೇ ಆ ಕಡೆಯ ದನಿ ಸುಮ್ಮನಾಗುತ್ತಿತ್ತು. ಹೀಗೆ ಹನ್ನೊಂದು ಮನೆಗಳು ಉಳಿದವು.

ಹನ್ನೆರಡನೆಯದು ಕಾಜಲ್ ಮನೆ.

ಕಾಜಲ್ ಗಂಡ ಭೀಮಶಿ ಹುಕ್ಕೇರಿ ತಾಲ್ಲೂಕಿನ ಯಮಕನಮರಡಿಯ ಲಾರಿಯೊಂದರ ಡ್ರೈವರ್. ತಿಂಗಳಲ್ಲಿ ಇಪ್ಪತ್ತು ದಿನ ಊರಲ್ಲಿ ಇರುವುದಿಲ್ಲ. ಮಳೆಗಾಲದ ಒಂದು ಮಧ್ಯಾಹ್ನ ಅವನ ದನಿಯಲ್ಲಿ ಫೋನು ಬಂತು. ಕಾಜಲ್ ಕಲಿತಂತೆಯೇ ಒಡಪು ಕೇಳಿದಳು. ಫೋನು ಕಡಿಯಿತು. ಅವಳು ಭೀಮಶಿಯ ನಂಬರಿಗೆ ಹಚ್ಚಿದಳು. ಲಾರಿ ಘಾಟಿನಲ್ಲಿತ್ತು, ಹತ್ತಲಿಲ್ಲ. ಹತ್ತು ನಿಮಿಷದ ಮೇಲೆ ಅದೇ ದನಿ ಮತ್ತೆ ಬಂದು, ಮದುವೆಯಲ್ಲಿ ಅವಳು ಹೇಳಿದ ಒಡಪನ್ನು ಮೊದಲಿನಿಂದ ಕೊನೆಯತನಕ ಹೇಳಿತು.

ಅವಳು ಇದ್ದ ದುಡ್ಡೆಲ್ಲ ಕಳಿಸಿದಳು. ಸಂಜೆ ಭೀಮಶಿ ಫೋನು ಮಾಡಿ, ಘಾಟಿನಲ್ಲಿ ಮಳೆ ಬಹಳ, ಊಟ ಆತೇನು ಎಂದ.

ಒಡಪು ಅವರಿಗೆ ಹೇಗೆ ಸಿಕ್ಕಿತು ಎಂದು ತಿಳಿಯಲು ಸಂಘಮಿತ್ರಾಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಮದುವೆಯ ವಿಡಿಯೊ ಇಂಟರ್‌ನೆಟ್ಟಿನಲ್ಲಿ ಕಾಜಲ್ ಹೆಸರಿನಲ್ಲಿಯೇ ಎಲ್ಲರಿಗೂ ಕಾಣುವಂತೆ ಇತ್ತು. ಹೊಸ್ತಿಲು, ಆರತಿ, ನಾಚಿಕೆ, ಒಡಪು. ಯಾರೋ, ಎಲ್ಲೋ, ಆ ಹತ್ತು ನಿಮಿಷ ಅವಳ ಮದುವೆಯನ್ನು ನೋಡುತ್ತ ಕೂತಿದ್ದರು. ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಿದ್ದರಿಂದ ಸ್ವಲ್ಪ ದುಡ್ಡು ತಡೆಹಿಡಿದರು. ಉಳಿದದ್ದು ಹೋಯಿತು.

“ತಪ್ಪು ನಂದ್ರಿ,” ಎನ್ನುತ್ತಾರೆ ಸಂಘಮಿತ್ರಾ. “ನೂರು ಮಂದಿ ಮುಂದ ಹೇಳಿದ್ದನ್ನ ಗುಟ್ಟು ಅಂತ ತಿಳಕೊಂಡೆ. ಎರಡ ದಿನ ಡೇರಿಗೆ ಬರಲಿಲ್ಲ. ಮೂರನೇ ದಿನ ಬಂದು ಎಲ್ಲಾರ ಮುಂದ ಹೇಳಿದೆ, ನಾ ತಪ್ಪ ಕಲಿಸೇನಿ ಅಂತ.”

ಈಗಿನ ಪದ್ಧತಿ ಬೇರೆ. ಗಂಡ ಊರಿಗೆ ಬಂದಾಗ ಹೊಸ ಒಡಪು ಕಟ್ಟಿ ಕಿವಿಯಲ್ಲಿ ಹೇಳಬೇಕು. ಬರೆಯಬಾರದು, ಫೋನಿನಲ್ಲಿ ಮೊದಲು ಹೇಳಬಾರದು, ವಿಡಿಯೊ ಅಂತೂ ಬೇಡವೇ ಬೇಡ. ಒಮ್ಮೆ ಬಳಸಿದರೆ ಮುಗಿಯಿತು, ಮತ್ತೆ ಹೊಸದು. ಸಂಘಮಿತ್ರಾ ಅದನ್ನು ನಮ್ಮ ಓಟಿಪಿ ಎನ್ನುತ್ತಾರೆ.

ಆದರೆ ಕಾಜಲ್‌ಳಿಂದ ಹೋದದ್ದು ದುಡ್ಡು ಮಾತ್ರ ಅಲ್ಲ. ಅಂದಿನಿಂದ ಗಂಡ ಫೋನು ಮಾಡಿದರೆ ಅವಳ ಬಾಯಿಂದ ಮಾತು ಹೊರಡುವುದಿಲ್ಲ. ಎದುರಿಗೆ ಇದ್ದಾಗ ಸರಿ. ದನಿ ಒಂದೇ ಬಂದರೆ ಹೀಗಾಗುತ್ತದೆ. ಅವನು ಹಲೋ, ಹಲೋ ಎಂದು ಇಟ್ಟುಬಿಡುತ್ತಾನೆ. ಮೂರು ತಿಂಗಳಾಯಿತು. ಫೋನಿನಲ್ಲಿಯೇ ನಡೆಯಬೇಕಾದ ಸಂಸಾರ ಹೀಗೆ ಮೂಕಾಗುತ್ತಿದೆ ಎಂದು ಅವಳೇ ಹೆದರಿದ್ದಾಳೆ.

“ದನಿ ಅವರದ ಇತ್ರಿ ಅಕ್ಕಾರ. ಉಸರ ಇರಲಿಲ್ಲ,” ಎಂದು ಅವಳು ಎಷ್ಟೋ ಸಲ ಹೇಳಿದ್ದಾಳೆ. ಅದು ಕಿವಿಗೆ ಬಿದ್ದ ಮೇಲೆ ಭೀಮಶಿ ಫೋನು ಹಚ್ಚಿ, ಮಾತಾಡುವ ಮೊದಲು ಸ್ವಲ್ಪ ಹೊತ್ತು ಸುಮ್ಮನೆ ಉಸಿರಾಡುತ್ತಾನೆ. ಅವಳು ಕೇಳುತ್ತಾಳೆ. ಇಬ್ಬರೂ ಹಾಗೆಯೇ ಇರುತ್ತಾರೆ. ಸಂಘಮಿತ್ರಾ ಅದನ್ನೂ ನಂಬಬೇಡ ಎಂದಿದ್ದಾರೆ. ಉಸಿರನ್ನು ಆ ಯಂತ್ರ ಕಲಿಯಲು ಎಷ್ಟು ದಿನ ಬೇಕು?

ಹೋದ ವಾರ ಭೀಮಶಿ ಬಂದಿದ್ದ. ಕಾಜಲ್ ಕೊನೆಗೂ ಹೊಸ ಒಡಪೊಂದನ್ನು ಅವನ ಕಿವಿಯಲ್ಲಿ ಹೇಳಿ ಕಳಿಸಿದ್ದಾಳೆ. ಅದನ್ನು ಫೋನಿನಲ್ಲಿ ಇನ್ನೂ ಕೇಳಿಲ್ಲ. ಒಬ್ಬಳೇ ಇದ್ದಾಗ ಕೇಳಲು ಧೈರ್ಯ ಸಾಲದೆ, ಅವನು ರಾತ್ರಿಯೆಲ್ಲ ಲಾರಿ ನಡೆಸಿ ಬೆಳಗ್ಗೆ ಫೋನು ಮಾಡುವ ಹೊತ್ತಿಗೆ ಇಲ್ಲಿ ಬಂದು ನಿಂತಿದ್ದಾಳೆ. ಏಳು ಗಂಟೆ ದಾಟಿದೆ. ಫೋನು ರಿಂಗಾಗುತ್ತದೆ. ತೆರೆಯ ಮೇಲೆ ಭೀಮಶಿಯ ಹೆಸರು, ಫೋಟೊ.

ಅವಳು ಎತ್ತುತ್ತಾಳೆ. ಆ ಕಡೆ ಉಸಿರು. ಕ್ಯಾನು ಎತ್ತುತ್ತಿದ್ದ ಮಾಲಿಂಗಪ್ಪ ಅದನ್ನು ಸಪ್ಪಳವಾಗದಂತೆ ಕೆಳಗಿಡುತ್ತಾರೆ.

“ಒಡಪ ಹೇಳ್ರಿ,” ಎನ್ನುತ್ತಾಳೆ ಕಾಜಲ್.

ದನಿ ಮೊದಲ ಸಾಲು ಗೊಣಗಿದಂತಾಗುತ್ತದೆ, ನಿಲ್ಲುತ್ತದೆ. ಮುಂದಿನದು ಮರತೇನಿ, ರಾತ್ರಿಯೆಲ್ಲ ನಿದ್ದಿ ಇಲ್ಲ ಎನ್ನುತ್ತದೆ. ಕಾಜಲ್‌ಳ ಕಣ್ಣು ತುಂಬುತ್ತದೆ. ಅವಳಿಗೆ ನಂಬಬೇಕಾಗಿದೆ. ಸಂಘಮಿತ್ರಾರ ಕಡೆ ನೋಡುತ್ತಾಳೆ. ಅವರು ಇಲ್ಲ ಎಂದು ತಲೆ ಅಲ್ಲಾಡಿಸುತ್ತಾರೆ.

“ಮರತೇನಿ ಅಂತ ಯಾರೂ ಅನ್ನಬಹುದು. ತೆರಿ ಮ್ಯಾಲಿನ ಹೆಸರೂ ಸುಳ್ಳ ಬರ್ತೈತಿ. ಕಡಿ. ನೀನ ಹಚ್ಚು.”

ಅವಳು ಕಡಿಯುತ್ತಾಳೆ. ಆಮೇಲೆ ಹೆಸರು ಒತ್ತದೆ, ಬಾಯಿಪಾಠವಿರುವ ಹತ್ತು ಅಂಕಿಗಳನ್ನು ಒಂದೊಂದಾಗಿ ತಾನೇ ಒತ್ತುತ್ತಾಳೆ. ಅಷ್ಟರಲ್ಲಿ ಸಂಘಮಿತ್ರಾ ಕುರ್ಚಿಯಿಂದ ಎದ್ದು ರಸ್ತೆಯ ಆಚೆಗೆ ಹೋಗಿದ್ದಾರೆ. ಮಾತು ಕೇಳದಷ್ಟು, ಮುಖ ಕಾಣುವಷ್ಟು ದೂರ. ಕಾಜಲ್ ಹಲೋ ಎನ್ನುವ ಮೊದಲೇ ಆ ಕಡೆಯಿಂದ ಪ್ರಾಸದ ಸಾಲೇನೋ ಬರುತ್ತಿದೆ. ಅವಳು ಕೇಳುತ್ತಾಳೆ. ಆಮೇಲೆ ಮೂರು ತಿಂಗಳ ಮಾತು ಒಮ್ಮೆಲೇ ಬರುತ್ತದೆ. ಅಷ್ಟು ಸಣ್ಣದು ನೆನಪಿಡಲಿಕ್ಕೆ ಆಗುವುದಿಲ್ಲವೇ, ನಿದ್ದೆಗಣ್ಣಲ್ಲಿ ಗಾಡಿ ಯಾಕೆ ನಡೆಸಿದಿರಿ, ಏನಾದರೂ ತಿಂದಿರೋ ಇಲ್ಲವೋ. ಹೆಂಗಸರು ಖಾಲಿ ಪಾತ್ರೆ ಎತ್ತಿಕೊಂಡು, ಬಯ್ಯುತ್ತಿರುವ ಅವಳನ್ನು ಬಿಟ್ಟು ಮನೆಗೆ ಹೊರಡುತ್ತಾರೆ.

ಸಂಘಮಿತ್ರಾ ಹೆಬ್ಬೆಟ್ಟಿನ ಯಂತ್ರವನ್ನು ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಒಡಪು ಸರಿ ಹೇಳಿದನಂತೆಯೇ ಎಂದು ಕೇಳಿದರೆ, ಅವರಿಗೆ ಮೊದಲ ಸಲ ನಗು ಬರುತ್ತದೆ.

“ಅದು ಏನಂತ ನನಗ ಗೊತ್ತಿಲ್ರಿ. ಈ ಊರಾಗ ಒಂದ ಒಡಪೂ ನನಗ ಗೊತ್ತಿಲ್ಲ. ಗೊತ್ತಿಲ್ಲದಂಗ ಇರೂದ ನನ್ನ ಕೆಲಸ.”