ಎದೆಗೆ ಹೆದರಿದವರು

ಟೈಲರ್ ಬಾಯಿಯ ಗೌನಿನ ಕುತ್ತಿಗೆಯಲ್ಲಿ ಬೆರಳಗಲದ ಗಾಯದ ಗುರುತು ಯಾವಾಗಲೂ ಇಣುಕುತ್ತಿತ್ತು. ಹುಟ್ಟಿನಿಂದಲೇ ಅವರ ಹೃದಯ ಸರಿಯಿರಲಿಲ್ಲ. ತುಟಿ, ಉಗುರು ಎಲ್ಲ ನೇರಳೆ ಹಣ್ಣು ತಿಂದಂತೆ ನೀಲಿ. ಎಪ್ಪತ್ತರ ದಶಕದಲ್ಲಿ, ಹದಿಹರೆಯದಲ್ಲಿ, ಮದರಾಸಿನಲ್ಲಿ ಎದೆ ತೆರೆದು ಆಪರೇಶನ್ ಆಗಿತ್ತು. “ಹೊಲಿದ ಡಾಕ್ಟ್ರ ಕೈ ಅಷ್ಟು ನೇರ ಇಲ್ಲ ಮಾರಾಯ್ತಿ” ಎಂದು ನಗುತ್ತಿದ್ದರು.

ಕಾಪುವಿನಲ್ಲಿ ನಮ್ಮ ಪಕ್ಕದ ಮನೆ ಅವರದು. ಕ್ರಿಶ್ಚಿಯನ್ ಹೆಂಗಸರನ್ನು ನಮ್ಮ ಕಡೆ ‘ಬಾಯಿ’ ಎಂದೇ ಕರೆಯುವುದು. ನಾನು ಹೊಲಿಗೆ ಕಲಿತದ್ದು ಅವರಿಂದ. ಒಂದು ಕಡೆ ಕೂರುವ ಜನ ಅಲ್ಲ. ಕತ್ತರಿ ಹಿಡಿದುಕೊಂಡೇ ಅಂಗಳಕ್ಕೆ ಹೋಗುವುದು, ಒಲೆಯ ಮೇಲಿನ ಗಂಜಿ ಕದಡುವುದು, ಮತ್ತೆ ಬಂದು ನನ್ನ ಹೊಲಿಗೆಯನ್ನು ಬಿಚ್ಚಿ ಹಾಕುವುದು. ಕೇಳಿದರೆ, “ನನಗೆ ಸಾಯಲಿಕ್ಕೂ ಪುರುಸೊತ್ತಿಲ್ಲ!”

ಊರಿನವರಿಗೆ ಅವರನ್ನು ಕಂಡರೆ ಒಂದೇ ಪ್ರಶ್ನೆ: “ಎದೆ ಹೇಗುಂಟು ಬಾಯಿ?” ಇಗರ್ಜಿಯಲ್ಲಿ ಪ್ರಾರ್ಥನೆ ಮುಗಿಸಿ ಬರುವವರೂ, ಮೀನಿನ ಬುಟ್ಟಿ ಇಳಿಸುವವರೂ ಅದನ್ನೇ ಕೇಳುವುದು. “ಸರಿ ಉಂಟು” ಎಂದರೆ ಎಲ್ಲರಿಗೂ ಸಮಾಧಾನ. ಎಂಬತ್ತರ ದಶಕದ ನಡುವಿನಲ್ಲಿ ಅವರು ತಮ್ಮ ಗೌನಿನ ಬದಿ ಬಿಚ್ಚಿ ಹೊಟ್ಟೆಯ ಹತ್ತಿರ ಅಗಲ ಮಾಡಿಕೊಂಡರು. ಸ್ವಲ್ಪ ದಿನ ಕಳೆದು ಮತ್ತೊಮ್ಮೆ. ಕೈಕಾಲು ಮಾತ್ರ ಕಡ್ಡಿ. ಅವರ ಅಮ್ಮ ವಾಯು ಎಂದು ಜೀರಿಗೆ ಕಷಾಯ ಕೊಟ್ಟರು. ನಾವೂ ನಂಬಿದೆವು. ಎದೆ ಸರಿ ಇತ್ತಲ್ಲ!

ಮಣಿಪಾಲಕ್ಕೆ ಹೋದ ಮೇಲೆ ಗೊತ್ತಾಯಿತು, ಲಿವರಿನಲ್ಲಿ ಕ್ಯಾನ್ಸರ್ ಗಡ್ಡೆ. ಆಪರೇಶನ್ ಆದ ಮೇಲೂ ಹೃದಯಕ್ಕೆ ಸರಾಗ ಹೋಗಲಾರದ ರಕ್ತ ವರ್ಷಗಟ್ಟಲೆ ಒತ್ತಿ ನಿಂತು ಲಿವರನ್ನು ಹಾಳುಮಾಡಿರಬಹುದು ಎಂದರು ಡಾಕ್ಟರು. ಗಡ್ಡೆ ಇನ್ನೂ ಒಂದೇ ಬದಿಯಲ್ಲಿತ್ತು, ಕತ್ತರಿಸಿ ತೆಗೆಯಬಹುದಿತ್ತು. ಆದರೆ ಆ ಹೃದಯ ಅರಿವಳಿಕೆಯನ್ನು ತಡೆಯಲಾರದು ಎಂಬ ಹೆದರಿಕೆ. ಹೃದಯದವರು ಹೊಟ್ಟೆಯವರ ಹತ್ತಿರ ಕಳಿಸಿದರು, ಹೊಟ್ಟೆಯವರು ಹೃದಯದವರ ಹತ್ತಿರ. ಬಾಯಿ ಬೆಂಚಿನಲ್ಲಿ ಕೂರಲಾರದೆ ವರಾಂಡದ ಉದ್ದಕ್ಕೂ ನಡೆಯುತ್ತಲೇ ಇದ್ದರು; ಹಿಂದೆ ಹಿಂದೆ ನಾನು. ಕೊನೆಗೆ ಹಿರಿಯ ಡಾಕ್ಟರ ಕೋಣೆಗೆ ನೇರ ನುಗ್ಗಿದರು.

“ಆಪರೇಶನ್ ಟೇಬಲಿನ ಮೇಲೆಯೇ ಜೀವ ಹೋದರೂ ಅಡ್ಡಿ ಇಲ್ಲ, ತೆಗೆಯಿರಿ ಡಾಕ್ಟ್ರೇ. ಎದೆಗೆ ಹೆದರಿ ಹೊಟ್ಟೆಯನ್ನು ಬಿಡುವುದು ಎಂತ ನ್ಯಾಯ?”

ಡಾಕ್ಟರು ತಲೆ ತಗ್ಗಿಸಿದರು. “ನಿಮ್ಮನ್ನು ಕೊಲ್ಲಲಿಕ್ಕೆ ನನ್ನಿಂದ ಆಗುವುದಿಲ್ಲ ಬಾಯಿ.”

ಕ್ಯಾನ್ಸರಿನ ಇಂಜೆಕ್ಷನ್ ಕೊಟ್ಟು ನೋಡಿದರು. ವಾಂತಿಯೊಂದೇ ಲಾಭ. ಡಾಕ್ಟರದು ತಪ್ಪು ಎನ್ನುವ ಧೈರ್ಯ ನನಗಿಲ್ಲ, ಆದರೂ ನನ್ನ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಕೊನೆಯ ದಿನ ಮಧ್ಯಾಹ್ನ ಆಸ್ಪತ್ರೆಯಲ್ಲಿ ಅದೇ ಹಿರಿಯ ಡಾಕ್ಟರು ಮಂಚದ ಪಕ್ಕ ನಾಡಿ ಹಿಡಿದು ನಿಂತಿದ್ದರು. ಬಾಯಿಯ ಉಸಿರು ನಿಂತಿತು. ಅವರ ಅಮ್ಮ ಕಣ್ಣು ಮುಚ್ಚಿಸಲು ಕೈ ಚಾಚಿದಾಗ ಡಾಕ್ಟರು ತಡೆದರು.

“ಸ್ವಲ್ಪ ನಿಲ್ಲಿ ಅಮ್ಮ,” ಎಂದರು. “ಹೃದಯ ಇನ್ನೂ ಬಡೀತಾ ಉಂಟು.”